ಮುಟ್ಟು ನಿಂತ ಮೇಲೆ ಬಂದ ಕಲೆ

ಆ ಬೀದಿಯ ಲಾಂಡ್ರಿಗೆ ಬಟ್ಟೆ ಕೊಡಲು ಹೋಗುವವರು ಉತ್ತರಗಳನ್ನು ಮೊದಲೇ ಸಿದ್ಧ ಮಾಡಿಕೊಂಡು ಹೋಗಬೇಕಿತ್ತು. ಕೌಂಟರಿನ ಹಿಂದೆ ಕೂತಿರುತ್ತಿದ್ದ ಹೆಂಗಸು ಬಟ್ಟೆಯ ಮಡಿಕೆ ಬಿಡಿಸಿ ಬೆಳಕಿಗೆ ಹಿಡಿದು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ವಿಚಾರಣೆ ಶುರು ಮಾಡುತ್ತಿದ್ದಳು.

“ಇದೇನು ಕಲೆ?”

“ಟೀ ಅನ್ಸುತ್ತೆ.”

“ಅನ್ಸುತ್ತೆ ಅಂದ್ರೆ? ಕುಡಿದಿದ್ದು ನೀವೇ ತಾನೆ? ಯಾವತ್ತು ಬಿತ್ತು? ಮನೇಲಿ ಏನು ಹಾಕಿ ಉಜ್ಜಿದ್ರಿ? ಏನೂ ಹಾಕಿಲ್ಲ ಅಂತ ಸುಳ್ಳು ಹೇಳ್ಬೇಡಿ. ಬಿಸಿನೀರು ಹಾಕಿದ್ದೀರಿ, ನೋಡಿ, ಅಂಚು ಕಂದಿಹೋಗಿದೆ.”

ಬಂದವರು ತಲೆ ಕೆರೆದುಕೊಂಡು ಒಪ್ಪಿಕೊಳ್ಳುತ್ತಿದ್ದರು. ಹೀಗಾಗಿ ಬೀದಿಯವರೆಲ್ಲ ಅವಳಿಗೆ ಪೊಲೀಸ್ ಅಕ್ಕ ಎಂದೇ ಹೆಸರಿಟ್ಟಿದ್ದರು. ಅವಳಿಗೂ ಆ ಹೆಸರಿನ ಬಗ್ಗೆ ಒಳಗೊಳಗೇ ಹೆಮ್ಮೆಯಿತ್ತು. ಕಲೆ ಯಾವುದು, ಎಷ್ಟು ದಿನದ್ದು ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ ಎಂಬುದು ಅವಳ ಮೂವತ್ತು ವರ್ಷದ ಅನುಭವ.

ಅವಳು ಯಾರ ಮಾತನ್ನೂ ಸುಲಭಕ್ಕೆ ನಂಬುವವಳಲ್ಲ. ಸೋಪಿನ ಪುಡಿ ತಂದುಕೊಡುವವನ ಮೂಟೆಯನ್ನು ಮತ್ತೆ ತೂಕ ಹಾಕಿಸುತ್ತಿದ್ದಳು. ಕರೆಂಟು ಹೋದರೆ ಪಕ್ಕದ ಅಂಗಡಿಯಲ್ಲೂ ಹೋಗಿದೆಯೇ ಎಂದು ಇಣುಕಿ ನೋಡಿ ಬರುತ್ತಿದ್ದಳು. ಆದರೆ ಅವಳು ಎಲ್ಲರಿಗಿಂತ ಹೆಚ್ಚು ಅನುಮಾನದಿಂದ ನೋಡುತ್ತಿದ್ದದ್ದು ಡಾಕ್ಟರುಗಳನ್ನು. ಅದಕ್ಕೆ ಕಾರಣವೂ ಇತ್ತು.

ಅವಳ ಸ್ವಂತ ತಂಗಿಗೆ ಮೂವತ್ತನಾಲ್ಕನೇ ವಯಸ್ಸಿನಲ್ಲಿ ಬಿಳಿಸೆರಗು, ಸೊಂಟನೋವು ಶುರುವಾಗಿತ್ತು. ತೋರಿಸಲು ಹೋದ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ, “ಇದನ್ನ ಹೀಗೇ ಬಿಟ್ರೆ ಮುಂದೆ ಕ್ಯಾನ್ಸರ್ ಆಗುತ್ತೆ” ಎಂದು ಹೆದರಿಸಿ, ಒಂದೇ ಒಂದು ಪರೀಕ್ಷೆಯನ್ನೂ ಮಾಡದೆ, ನಾಲ್ಕನೇ ದಿನಕ್ಕೆ ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದುಹಾಕಿದ್ದರು. ಮಾತ್ರೆಯಲ್ಲಿ ಹೋಗುತ್ತಿದ್ದ ಕಾಯಿಲೆ ಅದು ಎಂದು ಗೊತ್ತಾಗುವ ಹೊತ್ತಿಗೆ ಕಾಲ ಮಿಂಚಿತ್ತು. ನಲವತ್ತು ತುಂಬುವ ಮೊದಲೇ ತಂಗಿಯ ಮೂಳೆಗಳು ಸವೆದವು, ರಾತ್ರಿಯ ನಿದ್ದೆ ಹೋಯಿತು. ಅಂದಿನಿಂದ ಪೊಲೀಸ್ ಅಕ್ಕನಿಗೆ ಬಿಳಿ ಕೋಟು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಇಂಥ ಅಕ್ಕನಿಗೆ ಐವತ್ತೇಳು ವರ್ಷ. ಮುಟ್ಟು ನಿಂತು ಆರು ವರ್ಷವಾಗಿತ್ತು. ಒಂದು ಬೆಳಿಗ್ಗೆ ಸ್ನಾನಕ್ಕೆ ಹೋದಾಗ ಒಳ ಉಡುಪಿನ ಮೇಲೆ ಉಗುರಿನಗಲದ ಕಂದುಬಣ್ಣದ ಕಲೆ ಕಂಡಿತು.

ಬೇರೆಯವರ ಬಟ್ಟೆಯ ಕಲೆಯಾಗಿದ್ದರೆ ನಲವತ್ತು ಪ್ರಶ್ನೆ ಕೇಳುತ್ತಿದ್ದವಳು ಈ ಕಲೆಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ರಕ್ತದ ಕಲೆಗೆ ಏನು ಮಾಡಬೇಕೆಂದು ಅವಳ ಕೈಗೆ ಗೊತ್ತಿತ್ತು. ತಣ್ಣೀರಿನಲ್ಲಿ ನೆನೆಸಿದಳು. ಅಂಗಡಿಯಲ್ಲಿ ರಕ್ತದ ಕಲೆಗೆಂದೇ ಇಡುತ್ತಿದ್ದ, ಹಾಕಿದ ಕೂಡಲೇ ಬುಸುಬುಸು ನೊರೆ ಬರುವ ಔಷಧಿಯನ್ನು ನಾಲ್ಕು ಹನಿ ಬಿಟ್ಟಳು. ಹಿಂಡಿ ಒಣಹಾಕಿದಳು. ಭೂತಗನ್ನಡಿ ಹಿಡಿದು ನೋಡಿದರೂ ಅಲ್ಲಿ ಕಲೆಯಿತ್ತೆಂದು ಯಾರೂ ಹೇಳುವ ಹಾಗಿರಲಿಲ್ಲ.

ಇಪ್ಪತ್ತು ದಿನ ಬಿಟ್ಟು ಮತ್ತೆ ಕಂಡಿತು. ಮತ್ತೆ ತೊಳೆದಳು. ಇಸ್ತ್ರಿ ಕೋಣೆಯ ಬಿಸಿಗೆ ಹೀಗಾಗಿರಬೇಕು ಎಂದುಕೊಂಡಳು. ಒದ್ದೆ ಕಂಬಳಿ ಎತ್ತಿದ್ದಕ್ಕೆ ಇರಬೇಕು ಎಂದುಕೊಂಡಳು. ಸಕ್ಕರೆ ಕಾಯಿಲೆಯ ಮಾತ್ರೆ ಬದಲಾಯಿಸಿದ್ದಾರಲ್ಲ, ಅದರದ್ದೇ ಕಿತಾಪತಿ ಎಂದುಕೊಂಡಳು. ನೋವಿರಲಿಲ್ಲ, ಜ್ವರವಿರಲಿಲ್ಲ. ನೋವಿಲ್ಲದ ಮೇಲೆ ಕಾಯಿಲೆಯೆಲ್ಲಿಂದ ಬಂತು? ಸಾಲದ್ದಕ್ಕೆ ಹೋದ ವರ್ಷ ಆರೋಗ್ಯ ಶಿಬಿರದಲ್ಲಿ ಮಾಡಿದ ಪರೀಕ್ಷೆಯಲ್ಲಿ ಎಲ್ಲ ಸರಿಯಾಗಿದೆ ಎಂದು ಚೀಟಿ ಬರೆದುಕೊಟ್ಟಿದ್ದರು. ಆ ಒಂದು ಚೀಟಿಯನ್ನು ಮಾತ್ರ ಅವಳು ಯಾವ ಅನುಮಾನವೂ ಇಲ್ಲದೆ ನಂಬಿದ್ದಳು. ತನಗೆ ಬೇಕಾದದ್ದನ್ನು ಹೇಳುವ ಚೀಟಿಯನ್ನು ಯಾರು ತಾನೆ ನಂಬುವುದಿಲ್ಲ!

ಹೀಗೆ ಏಳು ತಿಂಗಳು ಕಳೆಯಿತು. ಕಂದು ಹೋಗಿ ಕೆಂಪಾಯಿತು. ಇಪ್ಪತ್ತು ದಿನಕ್ಕೊಮ್ಮೆ ಆಗುತ್ತಿದ್ದದ್ದು ವಾರಕ್ಕೆ ಎರಡು ಸಲ ಆಗತೊಡಗಿತು. ಅಕ್ಕ ಕಡುಬಣ್ಣದ ಬಟ್ಟೆಗಳನ್ನೇ ಉಡಲು ಶುರು ಮಾಡಿದಳು. ಇನ್ನೊಬ್ಬ ಹೆಂಗಸಾಗಿದ್ದರೆ ಇಷ್ಟು ಹೊತ್ತಿಗೆ ಮನೆಯವರ ಕಣ್ಣಿಗೆ ಬೀಳುತ್ತಿತ್ತು. ಕಲೆ ತೆಗೆಯುವುದೇ ಕಸುಬಾದ ಇವಳ ಗುಟ್ಟು ಹೊರಬೀಳಲು ದಾರಿಯೇ ಇರಲಿಲ್ಲ.

ಆದರೆ ಅನುಮಾನ ಪಡುವುದು ಅವಳೊಬ್ಬಳ ಹಕ್ಕೇನೂ ಅಲ್ಲವಲ್ಲ. ಅಂಗಡಿಯ ಹಿಂಭಾಗದಲ್ಲಿ ಇಸ್ತ್ರಿ ಮಾಡುತ್ತಿದ್ದ ಅವಳ ಗಂಡ ಮಾತು ಕಡಿಮೆಯ ಮನುಷ್ಯ, ಕಣ್ಣು ಮಾತ್ರ ಚುರುಕು. ನೊರೆ ಬರುವ ಔಷಧಿಯ ಬಾಟಲಿ ಮೊದಲು ಮೂರು ತಿಂಗಳು ಬರುತ್ತಿತ್ತು, ಈಗ ಮೂರೇ ವಾರಕ್ಕೆ ತಳ ಕಾಣುತ್ತಿತ್ತು. ಅಂಗಡಿಗೆ ಬಂದ ಪ್ರತಿಯೊಂದು ಬಟ್ಟೆಗೂ ನಂಬರಿನ ಸಣ್ಣ ಬಟ್ಟೆಚೂರು ಹೊಲಿದು, ಅದರ ಕಲೆ ಯಾವುದೆಂದು ಪುಸ್ತಕದಲ್ಲಿ ಬರೆಯುವುದು ಅವರ ಪದ್ಧತಿ. ಆತ ಪುಸ್ತಕ ತಿರುವಿ ನೋಡಿದ. ಇಡೀ ತಿಂಗಳಲ್ಲಿ ರಕ್ತದ ಕಲೆಯ ಬಟ್ಟೆ ಬಂದಿದ್ದು ಎರಡೇ. ಒಂದು ಮಾಂಸದಂಗಡಿಯವನ ಮೇಲಂಗಿ, ಇನ್ನೊಂದು ಮೂಗಿನಿಂದ ರಕ್ತ ಸುರಿದ ಮಗುವಿನ ಅಂಗಿ. ಹಾಗಾದರೆ ಒಂದು ಬಾಟಲಿ ಔಷಧಿ ಎಲ್ಲಿಗೆ ಹೋಯಿತು?

ಆತನಿಗೆ ಒಂದೇ ಅನುಮಾನ. ಆಸ್ಪತ್ರೆಯ ಬಟ್ಟೆ ತೆಗೆದುಕೊಳ್ಳಬಾರದು, ಅದು ಮನೆಗಳಿಂದ ಬಂದ ಬಟ್ಟೆಗಳ ಜೊತೆ ಬೆರೆಯಬಾರದು ಎಂದು ಗಂಡ ಹೆಂಡತಿ ಹಿಂದೆಯೇ ಮಾತಾಡಿಕೊಂಡಿದ್ದರು. ಇವಳು ಆ ಮಾತು ಮುರಿದು ಕದ್ದುಮುಚ್ಚಿ ಒಗೆಯುತ್ತಿದ್ದಾಳೆ! ನಾಲ್ಕು ದಿನ ಹೆಂಡತಿಯ ಮೇಲೆ ಕಣ್ಣಿಟ್ಟ. ಏನೂ ಸಿಗಲಿಲ್ಲ. ಐದನೇ ದಿನ ಮಧ್ಯಾಹ್ನ, ಒಂದು ಸೀರೆಯನ್ನು ಇಸ್ತ್ರಿಗೆ ಕೊಡಲು ಬಂದ ನರ್ಸಮ್ಮನನ್ನು ನೇರವಾಗಿ ಕೇಳಿಯೇಬಿಟ್ಟ. ನರ್ಸಮ್ಮ ಆ ಬೀದಿಯ ಕೊನೆಯ ಮನೆಯವರು, ದೊಡ್ಡಾಸ್ಪತ್ರೆಯ ಹೆಂಗಸರ ವಿಭಾಗದಲ್ಲಿ ಇಪ್ಪತ್ತು ವರ್ಷದಿಂದ ಕೆಲಸ ಮಾಡುತ್ತಿದ್ದವರು.

“ನರ್ಸಮ್ಮ, ತಪ್ಪು ತಿಳ್ಕೋಬೇಡಿ. ನಿಮ್ಮ ಆಸ್ಪತ್ರೆ ಬಟ್ಟೆ ಏನಾದ್ರೂ ನಮ್ಮವಳು ಗುಟ್ಟಾಗಿ ಒಗೀತಿದ್ದಾಳಾ?”

“ಅಯ್ಯೋ, ಇಲ್ಲಪ್ಪ. ನಮ್ಮ ಬಟ್ಟೆ ನಮ್ಮಲ್ಲೇ ಒಗೀತಾರೆ. ಯಾಕೆ, ಏನಾಯ್ತು?”

ಆತ ಬಾಟಲಿಯ ಕಥೆ ಹೇಳಿದ. ನರ್ಸಮ್ಮ ನಗಲಿಲ್ಲ.

“ಮನೇಲಿ ಈಗ ಯಾರಾದ್ರೂ ಬಂದಿದ್ದಾರಾ ಅಣ್ಣ?”

“ನಾವಿಬ್ರೇ. ಮಗಳು ಮದುವೆಯಾಗಿ ಅವಳ ಮನೇಲಿದ್ದಾಳೆ.”

“ಅಕ್ಕನಿಗೆ ವಯಸ್ಸೆಷ್ಟು?”

“ಅದಕ್ಕೂ ಬಾಟಲಿಗೂ ಏನು ಸಂಬಂಧ?”

ತೂಗುಹಾಕಿದ್ದ ಕೋಟುಗಳ ಹಿಂದೆ ನಿಂತು ಇದೆಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ ಅಕ್ಕ ಇನ್ನೂ ಒಳಕ್ಕೆ ಸರಿದಳು. ನರ್ಸಮ್ಮ ಕೌಂಟರು ದಾಟಿ ನೆಟ್ಟಗೆ ಒಳಗೆ ಬಂದರು. ಒದ್ದೆ ಬೆಡ್‌ಶೀಟುಗಳು ನೇತಾಡುತ್ತಿದ್ದ ಒಗೆಯುವ ಕೋಣೆಗೆ ಅವಳನ್ನು ಕರೆದೊಯ್ದು ಬಾಗಿಲು ಮುಂದೆ ಮಾಡಿದರು.

“ಅಕ್ಕಾ, ಎಷ್ಟು ದಿನದಿಂದ ರಕ್ತ ಹೋಗ್ತಿದೆ?”

“ಯಾರಿಗೆ? ನನಗಾ? ನಿಮಗೆ ಯಾರು ಹೇಳಿದ್ದು?”

“ಯಾರೂ ಹೇಳಿಲ್ಲ. ಕೇಳ್ತಿದ್ದೀನಿ.”

“ಏನೋ ಒಂಚೂರು. ಉಷ್ಣಕ್ಕೆ.”

“ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದೇ ಒಂದು ಹನಿ ಕಂಡ್ರೂ ಅದು ಉಷ್ಣ ಅಲ್ಲ ಅಕ್ಕ. ಅದಕ್ಕೆ ಏನೋ ಒಂದು ಕಾರಣ ಇದ್ದೇ ಇರುತ್ತೆ. ಹತ್ತು ಜನಕ್ಕೆ ಹೀಗಾದ್ರೆ ಒಂಬತ್ತು ಜನಕ್ಕೆ ಭಯ ಪಡೋ ಅಂಥದ್ದೇನೂ ಇರಲ್ಲ. ಒಬ್ಬರಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಇರುತ್ತೆ. ಆ ಒಬ್ಬರು ಯಾರು ಅಂತ ಮುಖ ನೋಡಿ ಹೇಳೋಕಾಗಲ್ಲ.”

ಕ್ಯಾನ್ಸರ್ ಎಂಬ ಮಾತು ಕಿವಿಗೆ ಬಿದ್ದದ್ದೇ ಅಕ್ಕನ ಮುಖ ಗಂಟಿಕ್ಕಿತು. ತಂಗಿಗೂ ಇದೇ ಮಾತು ಹೇಳಿ ಹೆದರಿಸಿದ್ದರಲ್ಲವೇ?

“ಓಹೋ! ಈಗ ಗೊತ್ತಾಯ್ತು ಬಿಡಿ. ಕರ್ಕೊಂಡು ಹೋದವರ ತಲೆಗೆ ಇಷ್ಟು ಅಂತ ನಿಮಗೆ ಬರುತ್ತಾ ನರ್ಸಮ್ಮ?”

ನರ್ಸಮ್ಮನ ಮುಖ ಬಾಡಿತು. ಹದಿನೈದು ವರ್ಷದ ನೆರೆಯವರು ಇಂಥ ಮಾತಾಡಿದರೆ ಯಾರಿಗೆ ನೋವಾಗುವುದಿಲ್ಲ? ಆದರೂ ಅವರು ಅದನ್ನು ಹೊಟ್ಟೆಗೆ ಹಾಕಿಕೊಂಡರು.

“ನಿಮ್ಮ ತಂಗಿ ವಿಷಯ ನನಗೆ ಗೊತ್ತು. ಅದಕ್ಕೇ ಆಪರೇಷನ್ ಮಾಡಿಸ್ಕೊಳ್ಳಿ ಅಂತ ನಾನು ಹೇಳ್ತಾನೇ ಇಲ್ಲ. ಪರೀಕ್ಷೆ ಮಾಡಿಸ್ಕೊಳ್ಳಿ ಅಂತಿದ್ದೀನಿ. ಆಪರೇಷನ್ ಬೇಕು ಅಂದ್ರೆ ಯಾಕೆ ಅಂತ ಕೇಳಿ. ಕಾಗದ ತೋರಿಸಿ ಅನ್ನಿ.”

“ಹೋದ ವರ್ಷ ಶಿಬಿರದಲ್ಲಿ ಮಾಡಿಸಿದ್ದೀನಿ. ಎಲ್ಲ ಸರಿ ಇದೆ ಅಂತ ಬರೆದಿದ್ದಾರೆ.”

“ಅದು ಗರ್ಭಕೋಶದ ಬಾಯಿಯ ಪರೀಕ್ಷೆ ಅಕ್ಕ. ಬಾಗಿಲು ನೋಡಿ ಬಂದ ಹಾಗೆ. ಒಳಕೋಣೇಲಿ ಏನಿದೆ ಅಂತ ಅದರಲ್ಲಿ ತಿಳಿಯಲ್ಲ.”

ನರ್ಸಮ್ಮ ಹೊರಡುವ ಮುಂಚೆ ಒಂದು ಮಾತು ಹೇಳಿದರು.

“ನೀವು ನನ್ನನ್ನ ಅನುಮಾನಿಸ್ತೀರಿ, ಡಾಕ್ಟರನ್ನ ಅನುಮಾನಿಸ್ತೀರಿ, ಸೋಪಿನವನನ್ನೂ ಬಿಡಲ್ಲ. ಆ ರಕ್ತ ಒಂದನ್ನ ಮಾತ್ರ ಯಾಕೆ ಇಷ್ಟು ನಂಬ್ತೀರಿ?”

ಆ ಮಾತು ಅಕ್ಕನಿಗೆ ಸರಿಯಾಗಿಯೇ ನಾಟಿತು. ಆದರೆ ನಾಟಿತೆಂದು ತೋರಿಸಿಕೊಳ್ಳುವ ಜಾಯಮಾನ ಅವಳದಲ್ಲ. ಗಂಡ ಬಂದು ಬಾಗಿಲಲ್ಲಿ ನಿಂತಾಗ, “ಏನು ನೋಡ್ತೀರಿ? ಇಸ್ತ್ರಿ ಪೆಟ್ಟಿಗೆ ಕಾದಿದೆ, ಹೋಗಿ” ಎಂದಳು. ಆತ ಕದಲಲಿಲ್ಲ.

“ಏಳು ತಿಂಗಳಾ?” ಎಂದ.

“ನರ್ಸಮ್ಮ ಹೇಳಿಬಿಟ್ರಾ?”

“ಅವರು ತುಟಿ ಬಿಚ್ಚಲಿಲ್ಲ. ನಿನ್ನ ವಯಸ್ಸು ಕೇಳಿದಾಗಲೇ ನನಗೆ ಅರ್ಥ ಆಯ್ತು. ಬಾಟಲಿ ಖರ್ಚಾಗೋಕೆ ಶುರುವಾಗಿ ಏಳು ತಿಂಗಳು. ನಾನೊಬ್ಬ ಮುಠ್ಠಾಳ. ನೀನು ಆಸ್ಪತ್ರೆ ಬಟ್ಟೆ ಒಗೀತಿದ್ದೀಯ ಅಂತ ನಿನ್ನ ಹಿಂದೆ ಪತ್ತೇದಾರಿ ಮಾಡಿದೆ. ನಿನಗೇನಾಗಿದೆ ಅಂತ ಒಂದು ಮಾತು ಕೇಳೋಕೆ ಹೊಳೀಲಿಲ್ಲ ನೋಡು.”

ಅಕ್ಕನಿಗೆ ಅಳು ಬಂತು. ಅದನ್ನು ಅಡಗಿಸಲು ಅವಳು ಎದುರಿಗಿದ್ದ ಒದ್ದೆ ಬೆಡ್‌ಶೀಟನ್ನು ತೆಗೆದು ಮತ್ತೊಮ್ಮೆ ಹಿಂಡಿದಳು.

ಮರುದಿನ ತಂಗಿ ಬಂದಳು. ಭಾವನೇ ಫೋನು ಮಾಡಿ ಕರೆಸಿದ್ದ. ತಂಗಿಯಾದರೂ ತನ್ನ ಪರ ನಿಲ್ಲುತ್ತಾಳೆ, ಡಾಕ್ಟರುಗಳ ಹತ್ತಿರ ಹೋಗಲೇಬೇಡ ಎನ್ನುತ್ತಾಳೆ ಎಂದು ಅಕ್ಕ ಧೈರ್ಯವಾಗಿದ್ದಳು. ತಂಗಿ ಎಲ್ಲವನ್ನೂ ಕೇಳಿ, ನೀರು ಕುಡಿದು, ಲೋಟ ಕೆಳಗಿಟ್ಟಳು.

“ಅಕ್ಕ, ನನಗೆ ಯಾರೂ ಪರೀಕ್ಷೆ ಮಾಡ್ಲೇ ಇಲ್ಲ. ಮಾಡದೇನೇ ತೆಗೆದುಬಿಟ್ರು. ಒಬ್ಬರಾದ್ರೂ, ಸ್ವಲ್ಪ ತಡಿ, ಮೊದಲು ಪರೀಕ್ಷೆ ಆಗಲಿ ಅಂದಿದ್ರೆ ನನ್ನ ಬದುಕೇ ಬೇರೆ ಥರ ಇರ್ತಿತ್ತು. ನಿನಗೆ ಪರೀಕ್ಷೆ ಮಾಡಿಸ್ಕೋ ಅಂತ ಹೇಳೋರು ಮನೆ ಬಾಗಿಲಿಗೆ ಬಂದಿದ್ದಾರೆ. ನೀನು ನನ್ನ ಹೆಸರು ಹೇಳಿಕೊಂಡು ಒಳಗೆ ಕೂತಿದ್ದೀಯ. ನನ್ನ ಕಷ್ಟಾನ ಹೀಗಾ ಉಪಯೋಗಿಸೋದು?”

ಅಕ್ಕ ಖಾಲಿ ಲೋಟವನ್ನು ಎತ್ತಿಕೊಂಡು ಸೆರಗಿನಿಂದ ಒರೆಸತೊಡಗಿದಳು.

“ನಾಳೆ ನಾನೂ ಬರ್ತೀನಿ. ನಮ್ಮಿಬ್ಬರಿಗೂ ಒಟ್ಟಿಗೆ ಮೋಸ ಮಾಡೋದು ಅಷ್ಟು ಸುಲಭ ಅಲ್ಲ” ಎಂದಳು ತಂಗಿ.

ದೊಡ್ಡಾಸ್ಪತ್ರೆಯ ಉದ್ದನೆಯ ಬೆಂಚಿನ ಮೇಲೆ ಅಕ್ಕ ತಂಗಿ ಇಬ್ಬರೂ ಬೆನ್ನು ನೆಟ್ಟಗೆ ಮಾಡಿಕೊಂಡು, ಕಳ್ಳರನ್ನು ಹಿಡಿಯಲು ಬಂದವರ ಹಾಗೆ ಕೂತರು. ಡಾಕ್ಟ್ರಮ್ಮ ನಲವತ್ತೈದರ ಆಸುಪಾಸಿನವರು. ಮುಖದಲ್ಲಿ ನಗುವಿತ್ತು. ನಗುವವರೆಂದರೆ ಅಕ್ಕನಿಗೆ ಇನ್ನೂ ಅನುಮಾನ. ಕೌಂಟರಿನ ಹಿಂದೆ ಮೂವತ್ತು ವರ್ಷ ಕೂತವಳಿಗೆ ಬೇಕೆಂದಾಗ ನಗುವುದು ಹೇಗೆಂದು ಗೊತ್ತಿಲ್ಲವೇ?

ಆದರೆ ಡಾಕ್ಟ್ರಮ್ಮ ಕೇಳಿದ ಪ್ರಶ್ನೆಗಳು ಅಕ್ಕನ ಕಿವಿ ನಿಮಿರುವಂತೆ ಮಾಡಿದವು. ಯಾವಾಗಿನಿಂದ? ಯಾವ ಬಣ್ಣ? ಎಷ್ಟು? ಎಷ್ಟು ದಿನಕ್ಕೊಮ್ಮೆ? ಏನಾದರೂ ಔಷಧಿ ತೆಗೆದುಕೊಂಡಿರಾ? ಸಕ್ಕರೆ ಕಾಯಿಲೆ ಇದೆಯೇ, ಬಿ.ಪಿ. ಇದೆಯೇ, ತೂಕ ಎಷ್ಟು? ಮನೆಯಲ್ಲಿ ಯಾರಿಗಾದರೂ ಗರ್ಭಕೋಶದ, ಕರುಳಿನ ಕ್ಯಾನ್ಸರ್ ಆಗಿತ್ತೇ? ಅಕ್ಕ ಜೀವನದಲ್ಲಿ ಮೊದಲ ಸಲ ಕೌಂಟರಿನ ಆಚೆ ಬದಿಯಲ್ಲಿ ನಿಂತು, ಒಂದೊಂದಕ್ಕೂ ತಡವರಿಸುತ್ತ ಉತ್ತರ ಕೊಟ್ಟಳು.

“ಯಾಕೆ ಇಷ್ಟೆಲ್ಲ ಕೇಳ್ತೀರಿ?” ಎಂದಳು ಕೊನೆಗೆ.

“ಸಕ್ಕರೆ ಕಾಯಿಲೆ, ಹೆಚ್ಚು ತೂಕ, ಬಿ.ಪಿ. ಇರೋರಿಗೆ ಗರ್ಭಕೋಶದ ಕ್ಯಾನ್ಸರ್ ಬರೋ ಸಾಧ್ಯತೆ ಸ್ವಲ್ಪ ಜಾಸ್ತಿ. ಅದಕ್ಕೆ. ಮೊದಲು ಸ್ಕ್ಯಾನಿಂಗ್ ಮಾಡೋಣ.”

ಸ್ಕ್ಯಾನಿಂಗ್‌ಗೆ ಹತ್ತು ನಿಮಿಷ ಹಿಡಿಯಿತು. ಮುಟ್ಟು ನಿಂತವರಲ್ಲಿ ಗರ್ಭಕೋಶದ ಒಳಪದರ ತೆಳ್ಳಗೆ, ನಾಲ್ಕು ಮಿಲಿಮೀಟರಿನ ಒಳಗಿರಬೇಕಂತೆ. ಅಕ್ಕನದು ಹದಿನಾಲ್ಕಿತ್ತು.

“ಹಾಗಾದ್ರೆ ತೆಗೀಬೇಕು ಅಂತೀರಿ. ಅಲ್ವಾ?” ತಂಗಿ ಮುಂದೆ ಬಾಗಿ ಕೇಳಿದಳು.

“ಇಲ್ಲ. ದಪ್ಪ ಇದೆ ಅಂದ ಮಾತ್ರಕ್ಕೆ ಕ್ಯಾನ್ಸರ್ ಅಂತಲ್ಲ. ಒಳಪದರದಿಂದ ಒಂದು ಚೂರು ತೆಗೆದು ಲ್ಯಾಬಿಗೆ ಕಳಿಸ್ಬೇಕು. ಬಯಾಪ್ಸಿ ಅಂತಾರೆ. ಲ್ಯಾಬಿನವರು ಏನು ಹೇಳ್ತಾರೋ ನೋಡಿ ಮುಂದಿನ ಮಾತು.”

ತಂಗಿ ಕುರ್ಚಿಗೆ ಒರಗಿದಳು. ಅವಳ ಕಣ್ಣು ತುಂಬಿತ್ತು. ಇಪ್ಪತ್ತು ವರ್ಷದ ಹಿಂದೆ ತನಗೆ ಯಾರೂ ಹೇಳದ ಮಾತು ಅದು.

ಬಯಾಪ್ಸಿಗೆ ಅಕ್ಕನನ್ನು ಮಲಗಿಸಿ, ಪೆನ್ನಿನ ರೀಫಿಲ್ಲಿನಷ್ಟು ಸಣ್ಣ ಕೊಳವೆಯನ್ನು ಒಳಗೆ ಹಾಕಿ, ಚೂರು ಹೀರಿಕೊಂಡರು. ಹಿಂದೆ ಮುಟ್ಟಿನ ಮೊದಲ ದಿನ ಬರುತ್ತಿದ್ದಂಥ ನೋವು ಎರಡು ನಿಮಿಷ ಬಂದು ಹೋಯಿತು. ಅರ್ಧ ಗಂಟೆ ಕೂರಿಸಿ ಮನೆಗೆ ಕಳಿಸಿದರು. ಮಧ್ಯಾಹ್ನ ಅಕ್ಕ ಎಂದಿನಂತೆ ಕೌಂಟರಿನಲ್ಲಿ ಕೂತು ಯಾರದೋ ಕಾಲರಿನ ವಿಚಾರಣೆ ನಡೆಸುತ್ತಿದ್ದಳು.

ಹತ್ತು ದಿನಕ್ಕೆ ವರದಿ ಬಂತು. ಗಂಡ, ತಂಗಿ, ಅಕ್ಕ ಮೂವರೂ ಹೋದರು. ಡಾಕ್ಟ್ರಮ್ಮ ಮಾತನ್ನು ಸುತ್ತಿಬಳಸಲಿಲ್ಲ.

“ಗರ್ಭಕೋಶದ ಒಳಪದರದ ಕ್ಯಾನ್ಸರ್. ನಿಧಾನವಾಗಿ ಬೆಳೆಯೋ ಜಾತಿಯದು. ಬೇಗ ಬಂದಿದ್ದೀರಿ ಅಂತ ಕಾಣುತ್ತೆ. ಎಷ್ಟು ಆಳಕ್ಕೆ ಹೋಗಿದೆ ಅಂತ ಇನ್ನೊಂದು ಸ್ಕ್ಯಾನಿಂಗ್ ಮಾಡಿ ನೋಡೋಣ.”

ತಂಗಿ ಅಕ್ಕನ ಕೈ ಹಿಡಿದಳು. ಅಕ್ಕ ಮಾತ್ರ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದಳು.

“ಆ ಚೂರು ನಂದೇ ಅಂತ ಏನು ಗ್ಯಾರಂಟಿ?”

“ಲೇ, ಸುಮ್ಮನಿರೇ,” ಎಂದ ಗಂಡ.

“ನೀವು ಸುಮ್ಮನಿರಿ. ನಮ್ಮ ಅಂಗಡೀಲಿ ಒಂದೊಂದು ಬಟ್ಟೆಗೂ ನಂಬರು ಹೊಲೀತೀವಿ. ಆದ್ರೂ ವರ್ಷಕ್ಕೆ ಎರಡು ಸಲ ಯಾರದೋ ಪ್ಯಾಂಟು ಇನ್ಯಾರದೋ ಮನೆಗೆ ಹೋಗುತ್ತೆ. ಇಲ್ಲಿ ದಿನಕ್ಕೆ ಎಷ್ಟು ಜನರ ಚೂರು ತೆಗೀತಾರೋ ಏನೋ. ಬೇರೆ ಯಾರದೋ ಚೂರಿಗೆ ನನ್ನ ಹೆಸರು ಅಂಟಿಸಿದ್ರೆ? ನನ್ನದನ್ನ ಅವರಿಗೆ ಅಂಟಿಸಿದ್ರೆ ಅವರ ಗತಿ ಏನು?”

ಡಾಕ್ಟ್ರಮ್ಮ ಸಿಟ್ಟಾಗುತ್ತಾರೆ ಎಂದು ಗಂಡ ತಲೆ ತಗ್ಗಿಸಿದ. ಅವರು ಸಿಟ್ಟಾಗಲಿಲ್ಲ.

“ಕೇಳ್ಬೇಕಾದ ಪ್ರಶ್ನೇನೇ ಕೇಳಿದ್ರಿ. ಯಾರೂ ಕೇಳಲ್ಲ. ನಾವೂ ಡಬ್ಬಿ ಮೇಲೆ ಹೆಸರು, ನಂಬರು, ತಾರೀಕು ಬರೀತೀವಿ. ನಿಮ್ಮ ಮುಂದೇನೇ ಅಂಟಿಸಿದ್ರು, ನೆನಪಿದೆಯಾ? ಅಷ್ಟಕ್ಕೂ ಸಮಾಧಾನ ಇಲ್ಲ ಅಂದ್ರೆ ನಿಮ್ಮ ಚೂರನ್ನ ಅಂಟಿಸಿ ನೋಡಿದ ಗಾಜುಗಳನ್ನ, ಸ್ಲೈಡು ಅಂತಾರೆ, ಕೊಡ್ತೀವಿ. ಬೇರೆ ಆಸ್ಪತ್ರೇಲಿ ತೋರಿಸಿ. ಇಲ್ಲಿನ ಗುರುತಿನ ಮೇಲೆ ಅನುಮಾನ ಇದ್ರೆ ಅಲ್ಲೇ ಇನ್ನೊಂದು ಸಲ ಬಯಾಪ್ಸಿನೂ ಮಾಡಿಸಿ. ಅದು ನಿಮ್ಮ ಹಕ್ಕು. ಆದ್ರೆ ಒಂದು ಮಾತು. ಎರಡನೇ ಅಭಿಪ್ರಾಯ ಕೇಳೋಕೆ ಎರಡು ವಾರ ತಗೊಳ್ಳಿ, ಎರಡು ವರ್ಷ ಅಲ್ಲ.”

ಹಕ್ಕು ಎಂದು ಹೇಳಿದ ಮೇಲೆ ಅಕ್ಕ ಬಿಡುತ್ತಾಳೆಯೇ? ಬಸ್ಸು ಹತ್ತಿ ಇನ್ನೊಂದು ಊರಿನ ಆಸ್ಪತ್ರೆಗೆ ಹೋದಳು. ಮೊದಲ ವರದಿಯನ್ನು ಚೀಲದ ತಳದಲ್ಲಿ ಬಚ್ಚಿಟ್ಟು, ಗಾಜುಗಳನ್ನು ಮಾತ್ರ ಮುಂದಿಟ್ಟಳು. ಮೊದಲಿನವರು ಏನಂದರು ಎಂದು ಅಲ್ಲಿನವರು ಎಷ್ಟು ಕೇಳಿದರೂ, “ನೀವೇ ನೋಡಿ ಹೇಳಿ” ಎಂದಳು. ಇನ್ನೊಂದು ಸಲ ಬಯಾಪ್ಸಿಯನ್ನೂ ಮಾಡಿಸಿದಳು. ಡಬ್ಬಿಯ ಮೇಲೆ ತನ್ನ ಹೆಸರನ್ನು ತಾನೇ ಓದಿ, ನಂಬರನ್ನು ಅಂಗೈ ಮೇಲೆ ಬರೆದುಕೊಂಡಳು. ನರ್ಸು ನಕ್ಕಳು. ಅಕ್ಕ ನಗಲಿಲ್ಲ.

ಗಾಜುಗಳಲ್ಲೂ ಅದೇ ಉತ್ತರ, ಹೊಸ ಚೂರಿನಲ್ಲೂ ಅದೇ ಉತ್ತರ. ಕ್ಯಾನ್ಸರಿನ ಹೆಸರೂ ಅದೇ, ಜಾತಿಯೂ ಅದೇ.

ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕ ಬಹಳ ಹೊತ್ತು ಕಿಟಕಿಯಾಚೆ ನೋಡುತ್ತ ಕೂತಳು. ಇಬ್ಬರು ಡಾಕ್ಟರುಗಳೂ ಮೊದಲೇ ಫೋನಿನಲ್ಲಿ ಮಾತಾಡಿಕೊಂಡಿದ್ದರೆ ಎಂಬ ಅನುಮಾನವೂ ಒಮ್ಮೆ ತಲೆಯೆತ್ತಿತು. ಆ ಅನುಮಾನಕ್ಕೆ ಅವಳಿಗೇ ನಾಚಿಕೆಯಾಯಿತು. ಇನ್ನು ಅನುಮಾನ ಪಡಲು ಯಾರೂ ಉಳಿದಿರಲಿಲ್ಲ. ಆಗ ಅವಳಿಗೆ ನಿಜವಾಗಿ ಭಯವಾಯಿತು. ಪಕ್ಕದಲ್ಲಿದ್ದ ಗಂಡನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ರೀ, ನಾನು ಸಾಯ್ತೀನಾ?”

“ಡಾಕ್ಟ್ರಮ್ಮನ್ನೇ ಕೇಳೋಣ. ನನಗೆ ಗೊತ್ತಿಲ್ಲ” ಎಂದ ಆತ. ಸುಳ್ಳು ಧೈರ್ಯ ಹೇಳಿದರೆ ಇವಳು ಕಂಡುಹಿಡಿಯುತ್ತಾಳೆ ಎಂದು ಆತನಿಗೆ ಗೊತ್ತಿತ್ತು.

ಡಾಕ್ಟ್ರಮ್ಮ ಒಂದು ಕಾಗದದ ಮೇಲೆ ಗರ್ಭಕೋಶದ ಚಿತ್ರ ಬರೆದು ತೋರಿಸಿದರು. ಒಳಗಡೆ ತೆಳ್ಳಗಿನ ಪದರ, ಅದರ ಸುತ್ತ ದಪ್ಪನೆಯ ಸ್ನಾಯುವಿನ ಗೋಡೆ. ಕ್ಯಾನ್ಸರು ಪದರದಲ್ಲಿ ಹುಟ್ಟಿ, ಗೋಡೆಯನ್ನು ಕೊರೆಯುತ್ತ, ಆಮೇಲೆ ಹೊರಗೆ ಹರಡುತ್ತದೆ. ಆಮೇಲೆ ಮಾಡಿದ ಎರಡನೇ ಸ್ಕ್ಯಾನಿಂಗಿನಲ್ಲಿ ಕಂಡ ಪ್ರಕಾರ ಅಕ್ಕನದು ಇನ್ನೂ ಗೋಡೆಯ ಒಳಅಂಚಿನಲ್ಲೇ ಇತ್ತು.

“ಗರ್ಭಕೋಶ, ಅದರ ನಾಳಗಳು, ಅಂಡಾಶಯ ತೆಗೀತೀವಿ. ನಿಮ್ಮ ತಂಗಿಗೆ ತೆಗೆದದ್ದು ಕಾರಣ ಇಲ್ಲದೆ. ನಿಮಗೆ ತೆಗೆಯೋದಕ್ಕೆ ಕಾರಣ ಈ ಕಾಗದದಲ್ಲಿದೆ. ಎರಡು ಆಸ್ಪತ್ರೆಯವರು ಬರೆದುಕೊಟ್ಟಿದ್ದಾರೆ. ಹೊಟ್ಟೆ ಮೇಲೆ ನಾಲ್ಕು ಸಣ್ಣ ತೂತು ಮಾಡಿ ಕ್ಯಾಮೆರಾ ಹಾಕಿ ಮಾಡ್ತೀವಿ. ಅಕ್ಕಪಕ್ಕದ ಗ್ರಂಥಿಗಳಿಗೆ ಹರಡಿದೆಯಾ ಅಂತಾನೂ ನೋಡ್ತೀವಿ. ತೆಗೆದದ್ದನ್ನೆಲ್ಲ ಲ್ಯಾಬಿಗೆ ಕಳಿಸ್ತೀವಿ. ಆ ವರದಿ ಬಂದ ಮೇಲೆ ಮುಂದೆ ಏನಾದ್ರೂ ಚಿಕಿತ್ಸೆ ಬೇಕಾ ಅಂತ ಗೊತ್ತಾಗುತ್ತೆ.”

“ಅಷ್ಟರಲ್ಲೇ ವಾಸಿ ಆಗುತ್ತಾ?” ಎಂದಳು ತಂಗಿ.

“ಈ ಹಂತದಲ್ಲಿ ಬಂದವರಲ್ಲಿ ಹತ್ತಕ್ಕೆ ಒಂಬತ್ತು ಜನ ಚೆನ್ನಾಗಿರ್ತಾರೆ. ಕೆಲವರಿಗೆ ರೇಡಿಯೇಷನ್ ಕೊಡಬೇಕಾಗುತ್ತೆ. ತುಂಬಾ ಜನಕ್ಕೆ ಆಪರೇಷನ್ ಒಂದರಲ್ಲೇ ಮುಗಿಯುತ್ತೆ.”

ಅಕ್ಕ ಕಾಗದಗಳನ್ನು ಇನ್ನೊಮ್ಮೆ ಓದಿದಳು. ಹೆಸರು ನೋಡಿದಳು, ನಂಬರು ನೋಡಿದಳು. ಆಮೇಲೆ ಒಪ್ಪಿಗೆಯ ಜಾಗದಲ್ಲಿ ತಾನೇ ಸಹಿ ಹಾಕಿದಳು. ಗಂಡ ಹಾಕುತ್ತೇನೆಂದರೂ ಪೆನ್ನು ಕೊಡಲಿಲ್ಲ.

ಆಪರೇಷನ್ ಆಯಿತು. ಮೂರನೇ ದಿನಕ್ಕೆ ಮನೆಗೆ ಕಳಿಸಿದರು. ಆರು ವಾರ ಭಾರ ಎತ್ತಬಾರದು ಎಂದಿದ್ದರು. ಗಂಡ ಕೌಂಟರಿನಲ್ಲಿ ಕೂತ. ಗಿರಾಕಿಗಳು ಬಟ್ಟೆ ಕೊಟ್ಟು, ಯಾರೂ ಏನೂ ಕೇಳಲಿಲ್ಲವಲ್ಲ ಎಂದು ಒಂದು ಗಳಿಗೆ ಕಾದು ನಿಂತು ಹೋಗುತ್ತಿದ್ದರು. ನರ್ಸಮ್ಮ ದಿನಾ ಸಂಜೆ ಬಂದು ಗಾಯ ನೋಡುತ್ತಿದ್ದರು. ಮೊದಲ ಸಂಜೆಯೇ ಅಕ್ಕ ಅವರ ಕೈ ಹಿಡಿದು, “ನಾನು ಅವತ್ತು ಆ ಮಾತು ಆಡಬಾರದಿತ್ತು” ಎಂದಳು. “ಆಡಿದ್ದು ಒಳ್ಳೇದೇ ಆಯ್ತು ಬಿಡಿ ಅಕ್ಕ. ಮನಸ್ಸಲ್ಲೇ ಇಟ್ಕೊಂಡಿದ್ರೆ ಬರ್ತಾನೇ ಇರ್ಲಿಲ್ಲ ನೀವು” ಎಂದರು ನರ್ಸಮ್ಮ.

ಕೊನೆಯ ವರದಿ ಬಂದ ದಿನ ಎಲ್ಲರೂ ಮತ್ತೆ ಅದೇ ಕೋಣೆಯಲ್ಲಿ ಕೂತರು. ಡಾಕ್ಟ್ರಮ್ಮ ಓದಿ ಹೇಳಿದರು. ಮೊದಲನೇ ಹಂತ. ಗೋಡೆಯ ಅರ್ಧದಷ್ಟೂ ಹೋಗಿರಲಿಲ್ಲ. ಗ್ರಂಥಿಗಳಿಗೆ ಹರಡಿರಲಿಲ್ಲ. ರೇಡಿಯೇಷನ್ ಬೇಡ, ಬೇರೆ ಔಷಧಿಯೂ ಬೇಡ. ಕೆಲವು ತಿಂಗಳಿಗೊಮ್ಮೆ ಬಂದು ತೋರಿಸಬೇಕು. ಸಕ್ಕರೆ, ತೂಕ ಎರಡನ್ನೂ ಹತೋಟಿಯಲ್ಲಿಡಬೇಕು. ಮತ್ತೆ ರಕ್ತ ಕಂಡರೆ, ಹೊಟ್ಟೆನೋವು ಬಂದರೆ ಹೇಳಿದ ದಿನಕ್ಕೆ ಕಾಯದೆ ಬರಬೇಕು.

ಗಂಡ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ತಂಗಿ ನಗುತ್ತ ಅಳುತ್ತಿದ್ದಳು. ಅಕ್ಕನಿಗೆ ಕೊನೆಯದಾಗಿ ಒಂದು ಅನುಮಾನ ಉಳಿದಿತ್ತು.

“ಡಾಕ್ಟ್ರಮ್ಮ, ನಿಜ ಹೇಳಿ. ವಾಸಿಯಾಗುತ್ತೆ, ಏನೂ ಭಯ ಇಲ್ಲ ಅಂತ ನೀವು ಬಂದವರಿಗೆಲ್ಲ ಹೇಳ್ತೀರಾ?”

ಡಾಕ್ಟ್ರಮ್ಮನ ಮುಖದ ನಗು ಮಾಯವಾಯಿತು.

“ಇಲ್ಲ. ನಿನ್ನೆ ಬಂದವರಿಗೆ ಹೇಳೋಕಾಗಲಿಲ್ಲ. ನಿಮ್ಮದೇ ವಯಸ್ಸು, ನಿಮ್ಮದೇ ಥರದ ರಕ್ತ. ಎರಡು ವರ್ಷ ಯಾರಿಗೂ ಹೇಳಿರಲಿಲ್ಲ.”

ಅಕ್ಕ ಮೂಗಿನ ತುದಿಯಲ್ಲಿದ್ದ ಕನ್ನಡಕವನ್ನು ತೆಗೆದು ಮಡಿಸಿಟ್ಟಳು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಮ್ಮಂದಿರೇ, ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ, ಕಂದು ನೀರು ಕಂಡರೂ ಡಾಕ್ಟರಿಗೆ ತೋರಿಸಿ. ನೋವು ಬರಲಿ ಎಂದು ಕಾಯಬೇಡಿ. ಇನ್ನೂ ಮುಟ್ಟಾಗುತ್ತಿರುವವರು ರಕ್ತ ಅತಿಯಾಗಿ ಹೋದರೆ, ನಡುನಡುವೆ ಕಂಡರೆ ಹೇಳಿಕೊಳ್ಳಿ. ಸ್ಕ್ಯಾನಿಂಗ್ ಮಾಡಿಸಿ, ಬೇಕೆಂದರೆ ಬಯಾಪ್ಸಿ ಮಾಡಿಸಿ, ವರದಿಯ ಪ್ರತಿಯನ್ನು ಕೈಯಲ್ಲಿಟ್ಟುಕೊಳ್ಳಿ. ಪರೀಕ್ಷೆಯಿಲ್ಲದೆ ಗರ್ಭಕೋಶ ತೆಗೆಯುತ್ತೇನೆ ಎಂದರೆ ಯಾಕೆಂದು ಕೇಳಿ, ಇನ್ನೊಬ್ಬ ಡಾಕ್ಟರಿಗೆ ತೋರಿಸಿ. ಮನೆಯ ಗಂಡಸರೇ, ಪತ್ತೇದಾರಿ ಬೇಡ, ಬಾಯಿ ಬಿಟ್ಟು ಕೇಳಿ.

ನಿಮಗೆ ಆಸ್ಪತ್ರೆಯ ಮೇಲೆ ಅನುಮಾನ ಇದ್ದರೆ ಇರಲಿ. ಅದನ್ನೂ ಜೊತೆಗೆ ಕರೆದುಕೊಂಡು ಹೋಗಿ. ಆದರೆ ಈ ವಾರವೇ ಹೋಗಿ.